ಮೂವತ್ತೊಂದನೆಯ ಕೈ

ಹೊಸವರ್ಷದ ಹಿಂದಿನ ರಾತ್ರಿ ರೆನ್ ಊರಿನ ಆಸ್ಪತ್ರೆಗೆ
ಎಡಗೈಗಳು ಬರುತ್ತವೆ.
ಬಲಗೈ ಚಾಕು ಹಿಡಿದಿರುತ್ತದೆ, ಎಡಗೈ ಸಿಂಪಿ.
ಕಚ್ಚಿಕೊಂಡ ಬಾಯಿ ಬಿಡುವುದಿಲ್ಲ, ಚಾಕು ಜಾರುತ್ತದೆ.
ಅಡುಗೆಮನೆಯ ಟವೆಲು ಸುತ್ತಿಕೊಂಡು,
ನಾಲಗೆಯ ಮೇಲೆ ನಿಂಬೆಯ ಹುಳಿ ಆರುವ ಮೊದಲೇ
ಸಾಲಾಗಿ ಕೂತಿರುತ್ತಾರೆ:
ಬ್ಯಾಂಕಿನವನು, ಯಾರದೋ ಮಾವ, ಅಂಗಿ ತುಂಬ ಮಿನುಗು ಕಾಗದ ಅಂಟಿದ ಹುಡುಗ.

ಅವರ ನಡುವೆ ಸೋಯಿಜಿಕ್ ಕೆರ್ವೆಲ್ಲಾ.
ಕಾಂಕಾಲಿನ ಕಡಲ ದಂಡೆಯಲ್ಲಿ ಮೂವತ್ತಾರು ವರ್ಷದಿಂದ
ದಿನಕ್ಕೆ ನೂರು ಡಜನ್ ಬಿಚ್ಚುವವಳು.
ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು.
"ಸಿಂಪಿ ಅಂತ ಬರೀಬೇಡಮ್ಮ," ಅಂದಳು,
"ಬಾಟಲಿ ಒಡೀತು ಅಂತ ಬರಿ."
ನಾನು ಸಿಂಪಿ ಎಂದೇ ಬರೆದೆ.

ಹೊಲಿಯುವುದು ಡಾಕ್ಟರ್ ಓದಿಲ್ ತ್ರೆಗಾರೋ ಕೆಲಸ.
ನನ್ನದು ಅಳೆಯುವುದು.

ಅಂಗೈ ಗೆರೆಯಿಂದ ಬೆರಳ ನಡುಗಿಣ್ಣಿನ ತನಕ
ಒಂದು ಸುರಂಗ; ಒಳಗೆ ಎರಡು ಹುರಿ.
ಒಂದು ಹುರಿ ತಾನು ಸೀಳಿಕೊಂಡು ಎರಡು ಕದವಾಗಿ
ಇನ್ನೊಂದಕ್ಕೆ ದಾರಿ ಬಿಡುತ್ತದೆ.
ಹಿಂದಿನವರು ಇದನ್ನು ಯಾರಿಗೂ ಸೇರದ ನೆಲ ಎನ್ನುತ್ತಿದ್ದರಂತೆ,
ಇಲ್ಲಿ ಸೂಜಿ ಹಾಕಬೇಡಿ ಎನ್ನುತ್ತಿದ್ದರಂತೆ.
ಹೊಲಿದದ್ದು ಅಲುಗದಿದ್ದರೆ ಅಂಟಿಕೊಳ್ಳುತ್ತದೆ.
ಅಲುಗಿದರೆ ಕಿತ್ತುಬರಬಹುದು.
ನಮ್ಮ ಆರು ವರ್ಷದ ಸಂಶೋಧನೆ
ಈ ಎರಡು ವಾಕ್ಯಗಳ ನಡುವಿನ ಜಾಗ.

ಮುಚ್ಚಿದ ಲಕೋಟೆ ಒಡೆದೆವು. ಅವಳಿಗೆ ಬಂದದ್ದು ಎರಡನೆಯ ಗುಂಪು:
ನಾಲ್ಕು ವಾರ ಬಲಗೈಯೇ ಎಡಗೈಯ ಬೆರಳು ಮಡಿಸಬೇಕು,
ಎಡಗೈ ತಾನಾಗಿ ಮಡಿಯಕೂಡದು.
"ಕೂಸಿನ ಹಾಗಾ?" ಎಂದು ಕೇಳಿದಳು.
ಹೂಂ, ಕೂಸಿನ ಹಾಗೆ.

ಮೂರನೆಯ ವಾರ ಬಂದಾಗ
ಪಟ್ಟಿಯ ಅಂಚಿನಲ್ಲಿ ಚಿಪ್ಪಿನ ಬಿಳಿ ಪುಡಿ.
ಉಪ್ಪಿನ ವಾಸನೆಗೆ ಸಾಕ್ಷಿ ಬೇಕೆ?
ನಾನು ಕೇಳುವ ಮೊದಲೇ ಅಂದಳು:
"ಕೈ ತಾನೇ ಹೋಯಿತು. ನಾನು ಕಳಿಸಲಿಲ್ಲ."
ಓದಿಲ್ ಬೆರಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು,
ಬೈಗುಳವನ್ನು ಬಾಯೊಳಗೇ ಮಡಿಸಿಟ್ಟುಕೊಂಡರು.
ಹುರಿ ಕಿತ್ತಿರಲಿಲ್ಲ.
ಕೋನಮಾಪಕ ಇಟ್ಟೆ: ಉಂಗುರಬೆರಳ ತುದಿಗಿಣ್ಣು ಐವತ್ತೆರಡು ಡಿಗ್ರಿ.
ಆ ಗುಂಪಿನಲ್ಲಿ ಅಷ್ಟು ಬಾಗಿದ ಇನ್ನೊಂದು ಬೆರಳಿಲ್ಲ.

ಇವಳನ್ನು ಎಲ್ಲಿ ಎಣಿಸುವುದು?
ಲೆಕ್ಕದ ತೂರಿಯೋ ಕನ್ನಡಕ ಒರೆಸುತ್ತ ಹೇಳಿದ:
ಅವಳು ಎಲ್ಲಿಗೆ ಹೋದಳು ಅನ್ನುವುದು ಬೇರೆ ಮಾತು,
ನಾವು ಕೂರಿಸಿದ ಜಾಗದಲ್ಲೇ ಎಣಿಕೆ.
ಹಾಗಾಗಿ ನಮ್ಮ ಪ್ರಬಂಧದ ಮೂರನೆಯ ಕೋಷ್ಟಕದಲ್ಲಿ
ಅಲುಗದೆ ಇದ್ದವರ ಪರವಾಗಿ
ಸೋಯಿಜಿಕ್ ಕೆರ್ವೆಲ್ಲಾ ಸಾಕ್ಷಿ ಹೇಳುತ್ತಾಳೆ.
ಹನ್ನೊಂದು ಮಂದಿ ಕೈತಪ್ಪಿಹೋದವರು.
ಫೋನು ಮಾಡಿದೆ, ಪತ್ರ ಬರೆದೆ.
ಬ್ಯಾಂಕಿನವನು ಮೊದಲ ಸಲದ ಮೇಲೆ ಬರಲೇ ಇಲ್ಲ;
ಕೈ ಗುಣವಾಯಿತೋ, ಕೈಯ ಮೇಲಿನ ಆಸೆ ಹೋಯಿತೋ,
ಎರಡಕ್ಕೂ ನಮ್ಮಲ್ಲಿ ಒಂದೇ ಖಾಲಿ ಚೌಕ.
ಐದು ಬೆರಳೂ ಸಮನಲ್ಲ ಎನ್ನಲು
ನನ್ನ ಬಳಿ ದಶಾಂಶದವರೆಗೆ ಪುರಾವೆ ಇದೆ.

ವರ್ಷ ತುಂಬಿದಾಗ ಬಂದಳು. ಕೊನೆಯ ಅಳತೆ.
ಹಿಡಿತ: ಬಲ ಮೂವತ್ತೊಂದು ಕಿಲೋ, ಎಡ ಇಪ್ಪತ್ಮೂರು.
ಪ್ರಶ್ನಾವಳಿ ಓದಿದೆ.
ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯಬಲ್ಲಿರಾ?
"ಅದಕ್ಕೆ ಗಂಡ ಇದ್ದಾನೆ. ಸಿಂಪಿ ಕೇಳು."
ಬೀಗದಲ್ಲಿ ಕೀಲಿ ತಿರುಗಿಸಬಲ್ಲಿರಾ?
"ನಮ್ಮ ಮನೆಗೆ ಬೀಗ ಹಾಕಲ್ಲ. ಸಿಂಪಿ ಕೇಳು."
ಪಟ್ಟಿಯಲ್ಲಿ ಸಿಂಪಿ ಇರಲಿಲ್ಲ.
ಪೆನ್ನು ಕೆಳಗಿಟ್ಟು ಕೇಳಿದೆ.
"ಅರವತ್ತು ಡಜನ್," ಅಂದಳು. ಆಮೇಲೆ ತುಸು ತಡೆದು,
"ಐವತ್ತು."

ಕಿಟಕಿಯಿಂದ ನೋಡುತ್ತಿದ್ದೆ, ಬಸ್ ನಿಲ್ದಾಣದಲ್ಲಿ
ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತಿದ್ದಳು.
ನಾಲ್ಕು ಬೆರಳು ಹೋದವು.
ಕಿರುಬೆರಳು ಮಾತ್ರ ಬಾಗಿ ಹೊರಗೇ ಉಳಿಯಿತು.
ಬಸ್ಸು ಬಂತು. ಬಲಗೈಯಲ್ಲಿ ಚೀಲ.
ಗವಸಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ
ಎಳೆದುಕೊಂಡೇ ಹತ್ತಿದಳು.